ನಿದ್ದೆತುಪ್ಪ

ಇನ್ನೂ ಹುಟ್ಟದ ಒಂದು ಕಾಲದಲ್ಲಿ, ಭೀಮಾ ನದಿಯ ದಂಡೆಯ ಮೇಲೆ, ಸೂರ್ಯ ಒಮ್ಮೆ ಬಂದರೆ ಹೋಗಲೊಲ್ಲದ ಒಂದು ಊರಿತ್ತು. ಕೆಂಗಲ್ಲೂರು ಅದರ ಹೆಸರು. ಬೇರೆ ಊರುಗಳಿಗೆ ಸೂರ್ಯ ಬೀಗರ ಹಾಗೆ ಬಂದು, ಉಂಡು, ಸಂಜೆಗೆ ಎದ್ದು ಹೋಗುತ್ತಿದ್ದ. ಕೆಂಗಲ್ಲೂರಿನಲ್ಲಿ ಮಾತ್ರ ಯುಗಾದಿ ಕಳೆದದ್ದೇ ತಡ, ಪಡಸಾಲೆಯಲ್ಲಿ ಹಾಸಿಗೆ ಬಿಚ್ಚಿ ಠಿಕಾಣಿ ಹೂಡುತ್ತಿದ್ದ. ಮುಳುಗಿದ ಮೇಲೂ ಅವನ ಬಿಸಿ ಗೋಡೆಗಳೊಳಗೆ ಕೂತು ಉಸಿರಾಡುತ್ತಿತ್ತು. ಹಾರುತ್ತಿದ್ದ ಹಕ್ಕಿ ಹಾರುತ್ತಲೇ ಬೀಳುತ್ತಿತ್ತು. ಕೊನೆಗೆ ಊರಿನವರೆಲ್ಲ ನಿದ್ದೆಯೆಂಬ ರಾಕ್ಷಸಿಯ ಹತ್ತಿರ ಹೋಗಿ, "ಅವ್ವಾ, ಬಿಸಿಲು ಇಳಿಯುವ ತನಕ ನಲವತ್ತು ದಿನ ನಮ್ಮನ್ನು ನುಂಗಿಟ್ಟುಕೋ, ನಲವತ್ತೊಂದನೆಯ ದಿನ ಉಗುಳು" ಎಂದು ಕೈಮುಗಿದರು. ರಾಕ್ಷಸಿ ಒಪ್ಪಿದಳು. ಒಂದು ಮಾತನ್ನು ಮಾತ್ರ ಹೇಳಿದಳು: "ನುಂಗುವುದು ನನ್ನ ಕೆಲಸ. ಒಳಗೆ ಹೋದವರಿಗೆ ನಿದ್ದೆ ಹತ್ತಿದೆಯೋ ಇಲ್ಲವೋ ನೋಡುವುದು ನಿಮ್ಮ ಕೆಲಸ."

ಅಜ್ಜಿಯರು ಹೇಳಿದರೆ ಹೀಗೆ ಹೇಳಿಯಾರು. ಸರಕಾರಿ ಕಾಗದದಲ್ಲಿ ಆ ರಾಕ್ಷಸಿಗೆ 'ಬೇಸಿಗೆ ವಿಶ್ರಾಂತಿ ಗೃಹ' ಎಂದು ಹೆಸರಿತ್ತು. ಜನ ನಿದ್ದೆಮನೆ ಎನ್ನುತ್ತಿದ್ದರು. ಹತ್ತಿ ಬಿಡಿಸುವ ಹಳೆಯ ಜಿನ್ನಿನ ನೆಲಮಾಳಿಗೆಯಲ್ಲಿ ಆರುನೂರ ನಲವತ್ತು ಹಾಸಿಗೆ. ಒಂದೊಂದರ ಮೇಲೂ ಒಬ್ಬೊಬ್ಬರು, ಮೈ ತಂಪು ಮಾಡಿಸಿಕೊಂಡು, ಕಣ್ಣಿಗೆ ಪಟ್ಟಿ ಅಂಟಿಸಿಕೊಂಡು ಮಲಗಿರುತ್ತಿದ್ದರು. ತಂಪಿಗೆ ಮೈ ನಡುಗಬಾರದೆಂದು ಕೈಕಾಲಿನ ಕಸುವನ್ನೆಲ್ಲ ಬಿಚ್ಚಿಡುವ ಒಂದು ಔಷಧವನ್ನು ನರಕ್ಕೆ ಬಿಡುತ್ತಿದ್ದರು. ಉಸಿರನ್ನು ಯಂತ್ರವೇ ಆಡಿಸುತ್ತಿತ್ತು. ಆ ಉಸಿರಿನೊಳಗೆ ಮಂಪರುಗಾಳಿಯನ್ನು ಬೆರೆಸುತ್ತಿದ್ದರು. ಮಲಗಿದವರಿಗೆ ನೀರು ಕಡಿಮೆ ಸಾಕು, ಅನ್ನ ಕಡಿಮೆ ಸಾಕು. ಹೀಗೆ ಉಳಿದ ನೀರಿನಲ್ಲಿ ಊರು ಬೇಸಿಗೆಯನ್ನು ದಾಟುತ್ತಿತ್ತು.

ರಾಕ್ಷಸಿ ಊರಿಗೆ ಬಿಟ್ಟ ಕೆಲಸ ಮಹಾನಂದಾಳ ಪಾಲಿಗೆ ಬಂದಿತ್ತು. ಅವಳಿಗೆ ಇಪ್ಪತ್ತೆಂಟು ವರ್ಷ. ನಿದ್ದೆಮನೆಯ ಮೇಲಂತಸ್ತಿನ ರಕ್ತಪರೀಕ್ಷೆಯ ಕೋಣೆಯಲ್ಲಿ ಅವಳೊಬ್ಬಳೇ. ಕಿಟಕಿಗಳಿಗೆ ತಗಡು ಹೊಡೆದಿದ್ದ ಆ ಕೋಣೆಯಲ್ಲಿ ಹಗಲು ಯಾವುದು, ಗೋಡೆ ಯಾವುದು ತಿಳಿಯುತ್ತಿರಲಿಲ್ಲ. ಬೆಳಗಿನ ಸೈರನ್ನಿಗೆ ಒಳಗೆ ಬಂದರೆ ಸಂಜೆಯ ಸೈರನ್ನಿನ ತನಕ ನಿದ್ದೆಮನೆಯ ಹೊರಬಾಗಿಲು ತೆರೆಯುತ್ತಿರಲಿಲ್ಲ. ನಡುವೆ ಹೊರಗೆ ಹೋದವನು ಬಿಸಿಲಿಗೆ ಸಿಕ್ಕಿ ಊರಬಾಗಿಲ ತನಕವೂ ಮುಟ್ಟುತ್ತಿರಲಿಲ್ಲ.

ಕೆಲಸ ನೋಡಲಿಕ್ಕೆ ಸುಲಭ. ಮಲಗಿದವರ ರಕ್ತದ ಎರಡು ಹನಿಯನ್ನು ಒಂದು ದೊಡ್ಡ ಗಾಜಿನ ಸೀಸೆಗೆ ಹಾಕಿ, ರಬ್ಬರು ಬಿರಡೆ ಬಿಗಿದು, ಮೈಬಿಸಿಯಷ್ಟು ಬೆಚ್ಚಗಿಡಬೇಕು. ರಕ್ತದಲ್ಲಿ ಅಡಗಿದ್ದ ಮಂಪರುಗಾಳಿಯೆಲ್ಲ ಬಿಡಿಸಿಕೊಂಡು ಸೀಸೆಯ ಖಾಲಿ ಜಾಗಕ್ಕೆ ಏಳುತ್ತದೆ. ಬಿರಡೆಗೆ ಸೂಜಿ ಚುಚ್ಚಿ, ಆ ಗಾಳಿಯನ್ನು ಒಂದಿಷ್ಟು ಎಳೆದು, ಯಂತ್ರದ ಬಾಯಿಗೆ ಬಿಡಬೇಕು. ಯಂತ್ರದ ಹೊಟ್ಟೆಯಲ್ಲಿ ಮೂವತ್ತು ಮೀಟರ್ ಉದ್ದದ, ಕೂದಲಿನಂಥ ಒಂದು ಸುರುಳಿ ಕೊಳವೆ. ಅದರೊಳಗೆ ಓಡಿ ಒಂದೊಂದು ಅನಿಲವೂ ತನ್ನ ತನ್ನ ಹೊತ್ತಿಗೆ ಆಚೆ ಬರುತ್ತದೆ. ಮಂಪರುಗಾಳಿ ಬರುವುದು ನಾಲ್ಕನೆಯ ನಿಮಿಷಕ್ಕೆ. ಆಗ ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ. ಗುಡ್ಡ ಎಷ್ಟು ದೊಡ್ಡದೋ ರಕ್ತದಲ್ಲಿ ಗಾಳಿ ಅಷ್ಟು. ನಲವತ್ತು ಬಂದರೆ ಗಾಢ ನಿದ್ದೆ. ಮೂವತ್ತಕ್ಕಿಂತ ಕೆಳಗಿಳಿದರೆ ಎಚ್ಚರ. ಐವತ್ತೈದು ದಾಟಿದರೆ ಎದೆ ಸೋಲುತ್ತದೆ. ಅವಳು ಬರೆದ ಅಂಕಿ ಕೆಳಗಿನ ನಿಯಂತ್ರಣ ಕೋಣೆಗೆ ಹೋಗುತ್ತಿತ್ತು. ಅಲ್ಲಿಯ ಕಂಪ್ಯೂಟರು ಅಂಕಿ ಹೆಚ್ಚಿದ್ದರೆ ಗಾಳಿಯನ್ನು ಇಳಿಸುತ್ತಿತ್ತು, ಕಡಿಮೆಯಿದ್ದರೆ ಏರಿಸುತ್ತಿತ್ತು.

ಈ ವರ್ಷ ಇನ್ನೂರ ಹದಿನೇಳನೆಯ ಹಾಸಿಗೆಯಲ್ಲಿ ಅವಳ ಅಕ್ಕ ಶಿವಲೀಲಾ ಮಲಗಿದ್ದಳು.

ಶಿವಲೀಲಾ ಊರ ಬಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವವಳು. ಅವಳು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಗಿರಾಕಿಗೆ ರೊಟ್ಟಿ ನೀಡುತ್ತ ಅವನ ಮದುವೆಯನ್ನು ಗೊತ್ತು ಮಾಡುತ್ತಿದ್ದಳು, ಪಲ್ಯ ನೀಡುತ್ತ ಮುರಿಯುತ್ತಿದ್ದಳು. ನಿದ್ದೆಗೆ ಹೋಗುವ ಹಿಂದಿನ ದಿನ ಒಲೆಯ ಮುಂದೆ ಕೂತು, ರೊಟ್ಟಿ ಬಡಿಯುವ ಕೈಯನ್ನು ನಡುವೆಯೇ ನಿಲ್ಲಿಸಿದಳು. ಮಹಾನಂದಾಳಿಗೆ ಆ ಸದ್ದು ನಿಂತದ್ದೇ ಹೆದರಿಕೆಯಾಯಿತು.

"ನಂದಾ, ಹೋದ ವರ್ಷ ನಾ ಮಲಗಿದ್ದಿಲ್ಲ."

"ಕನಸು ಬಿದ್ದಿರ್ತಾವ ಬಿಡಕ್ಕ. ಡಾಕ್ಟರು ಅದನ್ನ ಹೇಳ್ತಾರಲ್ಲ, ನೂರಾರು ಮಂದಿ ಹಂಗಂತಾರ ಅಂತ."

"ಕನಸಿನ್ಯಾಗ ಅಲ್ಲಿ ಮೈ ಒರಸೋ ಆ ಖಾಜಾಬಿ ತನ್ನ ಸೊಸಿನ್ನ ಬೈಯೋದು ನನಗ್ಯಾಕ ಕೇಳ್ತದ? ನಾ ಏನು ಆಕಿ ಸೊಸಿ? ಎದ್ದ ಮ್ಯಾಲ ಹೋಗಿ ಕೇಳೀನಿ. ಸೊಸಿ ಬೆಳ್ಳಿ ಕಾಲ್ಗಡಗ ಒತ್ತಿ ಇಟ್ಟಿದ್ದು ಖರೇ ಅದ."

ಮಹಾನಂದಾ ನಗಲಿಕ್ಕೆ ಹೋದಳು. ಅಕ್ಕ ನಗಲಿಲ್ಲ.

"ಮೂಗಿನ ತುದಿ ಕಡಿಯಾಕ ಹತ್ತಿತ್ತು ನೋಡು. ಎಷ್ಟು ದಿನಾನೋ. ಒಂದ ಸಲ ಕೆರಕೊಂಡ್ರ ಸಾಕು, ಪ್ರಾಣ ಹೋದ್ರ ಹೋಗ್ಲಿ ಅನ್ನಸ್ತಿತ್ತು. ಕೈ ಅಲ್ಲೇ ಇತ್ತು. ನನ್ನ ಕೈಯೇ. ಬರಲಿಲ್ಲ. ಒಳಗ ಒದರತಿದ್ದೆ, ನನ್ನ ಒದರಾಟ ನನಗೊಬ್ಬಾಕಿಗೇ ಕೇಳತಿತ್ತು."

"ಹಂಗಾರ ಈ ಸಲ ಬ್ಯಾಡಕ್ಕ. ಮನ್ಯಾಗಿರು."

"ಮನ್ಯಾಗಿದ್ರ ನೀರು ಯಾರು ಕೊಡ್ತಾರ? ಹೆಸರು ನಿದ್ದಿ ಪಟ್ಟಿಗೆ ಬಿದ್ದದ." ಅವಳು ಹಿಟ್ಟು ಮೆತ್ತಿದ ಅಂಗೈಯನ್ನು ಚಾಚಿದಳು. "ನೀ ಅಲ್ಲೇ ಇರ್ತಿ. ನಿನ್ನ ಕೈಲೆ ನೀನ ನೋಡು. ನಾ ಎಚ್ಚರಿದ್ದೀನಿ ಅಂತ ಗೊತ್ತಾತಂದ್ರ ಎಬ್ಬಸಬ್ಯಾಡ, ಮಲಗಸು. ಮಾತು ಕೊಡು."

"ಕೊಟ್ಟೆ."

"ಗಟ್ಟಿ ಹಿಡದು ಹೇಳ. ರೊಟ್ಟಿ ಹಿಟ್ಟು ಅದು, ಹೇಸಬ್ಯಾಡ."

ಮಹಾನಂದಾ ಗಟ್ಟಿಯಾಗಿ ಹಿಡಿದು ಹೇಳಿದಳು.

ಅಕ್ಕ ಹೋದ ವರ್ಷ ಎದ್ದು ಬಂದಾಗ ಸೊರಗಿ ಕಡ್ಡಿಯಾಗಿದ್ದಳು. ಮೈಯಲ್ಲಿ ಕಸುವಿಲ್ಲದ್ದಕ್ಕೇ ನಿದ್ದೆ ಹತ್ತಿರಲಿಕ್ಕಿಲ್ಲ ಎಂದು ಮಹಾನಂದಾಳಿಗೆ ಅನ್ನಿಸಿತು. ಅದಕ್ಕೇ ಈ ಸಲ ನಿದ್ದೆತುಪ್ಪವನ್ನು ಎರಡು ಪಟ್ಟು ಮಾಡಿದಳು.

ನಿದ್ದೆತುಪ್ಪವೆಂದರೆ ಕೆಂಗಲ್ಲೂರಿನ ರೂಢಿ. ನಿದ್ದೆಮನೆಯವರು ಮೂಗಿನ ನಳಿಗೆಯಿಂದ ಬಿಡುತ್ತಿದ್ದದ್ದು ತೆಳ್ಳನೆಯ ಗಂಜಿ. ಎರಡನೆಯ ವರ್ಷವೇ ಊರ ಹೆಂಗಸರು ತುಪ್ಪದ ಡಬ್ಬಿ ಹಿಡಿದು ಬಾಗಿಲಲ್ಲಿ ಕೂತರು. ನಮ್ಮ ಮಂದಿ ಬರೇ ಗಂಜಿ ಕುಡಿದು ಮಲಗಬೇಕೇನು ಎಂದು ಜಗಳ ತೆಗೆದರು. ಅಧಿಕಾರಿಗಳು ಸೋತು ಒಪ್ಪಿದರು. ಅಂದಿನಿಂದ ಒಬ್ಬೊಬ್ಬರ ಹಾಸಿಗೆಯ ಕಾಲಿಗೂ ಹೆಸರು ಬರೆದ ಒಂದು ಡಬ್ಬಿ ನೇತಾಡತೊಡಗಿತು. ಯಾರ ಡಬ್ಬಿ ದೊಡ್ಡದೋ ಅವರ ಮೇಲೆ ಮನೆಯವರಿಗೆ ಜೀವ ಹೆಚ್ಚು. ಡಬ್ಬಿಯಿಲ್ಲದ ಹಾಸಿಗೆಯನ್ನು ನೋಡಿ ಜನ ಲೊಚಗುಟ್ಟುತ್ತಿದ್ದರು.

ಇನ್ನೂರ ಹದಿನೇಳರ ಡಬ್ಬಿ ಇಡೀ ಸಾಲಿನಲ್ಲಿ ದೊಡ್ಡದು.

*

ಮೊದಲ ದಿನ ಅಕ್ಕನ ರಕ್ತದಲ್ಲಿ ನಲವತ್ತು ಬಂತು. ಎರಡನೆಯ ದಿನ ನಲವತ್ತೆರಡು, ಕಂಪ್ಯೂಟರು ಗಾಳಿಯನ್ನು ಒಂದಿಷ್ಟು ಇಳಿಸಿತು. ಮೂರನೆಯ ದಿನ ನಲವತ್ತೊಂದು, ಮತ್ತೊಂದಿಷ್ಟು ಇಳಿಸಿತು. ಆಮೇಲೆ ನಲವತ್ತು, ನಲವತ್ತು, ನಲವತ್ತು. ಪರದೆಯ ಮೇಲೆ ಏಳುತ್ತಿದ್ದ ಆ ಗುಡ್ಡವನ್ನು ನೋಡುತ್ತ ಮಹಾನಂದಾಳಿಗೆ ಒಂದು ಭ್ರಮೆ ಹತ್ತಿತು: ಗುಡ್ಡದ ಒಳಗೆ ಅಕ್ಕ ಕೂತಿದ್ದಾಳೆ, ಒಳಗಿನಿಂದ ಬಡಿಯುತ್ತಿದ್ದಾಳೆ, ಹೊರಗೆ ಕಲ್ಲು ಮಾತ್ರ ಕಾಣುತ್ತಿದೆ. ಕಣ್ಣುಜ್ಜಿಕೊಂಡಳು. ಅಂಕಿ ಬರೆದಳು.

ಆರನೆಯ ದಿನ ರಕ್ತದ ಪೆಟ್ಟಿಗೆಯನ್ನು ಹೊತ್ತು ತಂದ ಖಾಜಾಬಿ, ಏದುಸಿರು ಬಿಡುತ್ತ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಅರವತ್ತು ದಾಟಿದ ಖಾಜಾಬಿಯೇ ಕೆಳಗಿನ ಸಾಲುಗಳ ರಕ್ತ ತೆಗೆಯುವವಳು, ಗಂಜಿಗೆ ತುಪ್ಪ ಕಲಸುವವಳು, ಮೈ ಒರೆಸುವವಳು.

"ನಿಮ್ಮಕ್ಕ ಮಲಗಿದ್ರೂ ಸುಮ್ಮನಿರಾಂಗಿಲ್ಲ ನೋಡವಾ."

ಮಹಾನಂದಾಳ ಕೈಯಲ್ಲಿದ್ದ ಸೀಸೆ ನಿಂತಿತು. "ಯಾಕ ಚಾಚಿ?"

"ಕಣ್ಣೀರು. ಪಟ್ಟಿ ತೋಯ್ದು ಬಿಚ್ಚಿ ಬೀಳ್ತದ. ಎರಡು ಸಲ ಬದಲಿ ಮಾಡ್ದೆ ಇವತ್ತ. ತಂಪಿಗೆ ಬರ್ತಾವ ಅಂತಾರ ಡಾಕ್ಟರು."

"ಎಲ್ಲಾರಿಗೂ ಬರ್ತಾವೇನು?"

"ಎಲ್ಲಾರಿಗೆಲ್ಲಿ! ತುಪ್ಪದ ಮಂದಿಗೇ ಜಾಸ್ತಿ. ಡಬ್ಬಿ ಇಲ್ಲದವು ಒಣಗಿದ ಕಟಗಿ ಹಂಗ ಬಿದ್ದಿರ್ತಾವ. ಉಂಡ ಮೈ ನೋಡು, ಕಣ್ಣಾಗೂ ನೀರು ತುಂಬಿರ್ತದ." ಖಾಜಾಬಿ ತನ್ನ ಮಾತಿಗೆ ತಾನೇ ತಲೆದೂಗಿದಳು. "ನಮ್ಮ ಸೊಸಿ ನಂಗೆ ಒಂದು ಚಮಚ ತುಪ್ಪ ಹಾಕ್ಯಾಳೇನು ಕೇಳು."

ಮಹಾನಂದಾ ಮಧ್ಯಾಹ್ನ ನಿಯಂತ್ರಣ ಕೋಣೆಗೆ ಇಳಿದಳು. ಗೋಡೆ ತುಂಬ ಆರುನೂರ ನಲವತ್ತು ದೀಪಗಳು, ಎಲ್ಲ ಹಸಿರು. ಅದರ ಮುಂದೆ ಡಾಕ್ಟರ್ ಮುನವಳ್ಳಿ, ಬೇಸಿಗೆ ಶುರುವಾದಾಗಿನಿಂದ ಅಲ್ಲೇ ಹುಟ್ಟಿದವರ ಹಾಗೆ ಕೂತಿದ್ದರು.

"ಸರ್, ಎರಡು ನೂರ ಹದಿನೇಳು. ನಮ್ಮಕ್ಕ. ಎಚ್ಚರಿದ್ದಾಳ ಅನ್ನಸ್ತದ."

"ಇವತ್ತಿನ ಅಂಕಿ ಎಷ್ಟು?"

"ನಲವತ್ತು."

"ಬರೆದವರು ಯಾರು?"

"ನಾನ."

"ನಿಮ್ಮ ಅಂಕಿ ಮ್ಯಾಲ ನಿಮಗ ನಂಬಿಕಿ ಇಲ್ಲೇನು?" ಅವರು ಗದರಲಿಲ್ಲ. ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಒತ್ತಿಕೊಂಡರು. "ಮಹಾನಂದಾ, ಮೂರು ವರ್ಷದ ಹಿಂದ ಒಬ್ಬ ತಾಯಿ ಬಂದು, ಮಗ ಎಚ್ಚರಿದ್ದಾನ ಸರ್, ಕಣ್ಣಾಗ ನೀರದ ಅಂತ ಕಾಲು ಹಿಡದ್ಲು. ನಾ ಕೈಯಾರೆ ಗಾಳಿ ಏರಿಸ್ದೆ. ಅಂಕಿ ಅರವತ್ತಕ್ಕ ಹೋತು. ಹುಡುಗ ಏಳಲಿಲ್ಲ. ಆ ಓಣ್ಯಾಗ ಹಾಯಾಕ ನನಗ ಇವತ್ತಿಗೂ ಆಗೋದಿಲ್ಲ. ಅವತ್ತಿಂದ ಕಣ್ಣೀರು ನೋಡೋದು ಬಿಟ್ಟೀನಿ. ಅಂಕಿ ನೋಡ್ತೀನಿ. ಬ್ಯಾರೆ ಅಂಕಿ ತಂದ್ರ ಕೇಳ್ತೀನಿ."

ಮೇಲೆ ಬಂದು ಅವಳು ಅದೇ ರಕ್ತವನ್ನು ಮೂರು ಸಲ ಪರೀಕ್ಷಿಸಿದಳು. ನಾಲ್ಕನೆಯ ನಿಮಿಷಕ್ಕೆ ಅದೇ ಗುಡ್ಡ, ಅದೇ ಎತ್ತರ. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ. ಅಕ್ಕನೂ ಸುಳ್ಳು ಹೇಳುವವಳಲ್ಲ. ಎರಡು ನಿಜಗಳ ನಡುವೆ ಗೋಡೆಯ ಸಂದಿಗೆ ಸಿಕ್ಕ ಹಲ್ಲಿಯ ಹಾಗೆ ಅವಳು ಸಿಕ್ಕಿಬಿದ್ದಿದ್ದಳು. ಸಂಜೆಯ ಸೈರನ್ನಿಗೆ ಇನ್ನೂ ನಾಲ್ಕು ತಾಸು.

*

ಅಕ್ಕನ ಗಂಡ ಬಸಣ್ಣ ನೀರು ಸರಬರಾಜಿನ ಪಂಪು ನೋಡಿಕೊಳ್ಳುವವನು. ಅದಕ್ಕೇ ನಿದ್ದೆಯ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಮಹಾನಂದಾ ಅವನನ್ನು ಮಾವ ಎನ್ನುತ್ತಿದ್ದಳು. ಅಕ್ಕನಿಲ್ಲದ ಮನೆಯಲ್ಲಿ ಆತ ದಿನಕ್ಕೊಂದು ಅಡುಗೆ ಕೆಡಿಸುತ್ತಿದ್ದ. ಒಂಬತ್ತನೆಯ ದಿನ ಸಂಜೆ ಅವಳು ಬಂದಾಗ ರೊಟ್ಟಿಯ ಬದಲು ದಪ್ಪನೆಯದೊಂದು ತಟ್ಟೆಯಲ್ಲಿತ್ತು.

"ಇದೇನು ಮಾವ?"

"ರೊಟ್ಟಿ ಅಂತ ಶುರು ಮಾಡಿದ್ದೆ. ತುಪ್ಪ ಹಚ್ಚಿಕೋ, ಇಳೀತದ."

ಒಂದು ತುತ್ತು ಬಾಯಿಗಿಟ್ಟ ಮಹಾನಂದಾ ಬಾಗಿಲಿಗೆ ಓಡಿ ಉಗುಳಿದಳು. "ನುಸಿಗುಳಿಗಿ ವಾಸನಿ! ತುಪ್ಪ ಎಲ್ಲಿಟ್ಟಿದ್ರಿ?"

"ಟ್ರಂಕಿನ್ಯಾಗ. ನಿಮ್ಮಕ್ಕನ ಸೀರಿ ಟ್ರಂಕಿನ್ಯಾಗ. ಹೊರಗಿಟ್ರ ಉಳೀತದೇನು? ಆಕಿ ಡಬ್ಬಿಗೆ ಒಂದು ಹನಿ ಕಡಿಮಿ ಆಗಬಾರದಂತ ಕೀಲಿ ಹಾಕಿಟ್ಟೀನಿ."

"ಸೀರಿಗೆ ನುಸಿಗುಳಿಗಿ ಹಾಕಿರ್ತಾಳ್ರಿ!"

"ಹಾಕಿರ್ತಾಳ. ಆದ್ರ ಅದರ ಬಾಜೂನ ನನ್ನ ನೀರಿನ ಬಾಟಲೀನೂ ಇತ್ತು. ಮುಚ್ಚಳ ಇದ್ದಿಲ್ಲ. ಅದಕ್ಕ ವಾಸನಿ ಹತ್ತಿಲ್ಲ, ನೋಡು ಬೇಕಾದ್ರ." ಬಸಣ್ಣ ಬಾಟಲಿ ತಂದು ಅವಳ ಮೂಗಿಗೆ ಹಿಡಿದ.

ಅವಳು ಮೂಸಿದಳು. ನೀರಿಗೆ ವಾಸನೆ ಇತ್ತೋ ಇಲ್ಲವೋ ಎನ್ನುವಷ್ಟು. ತುಪ್ಪವನ್ನು ಮೂಸಿದಳು. ಅದಕ್ಕೂ ಅಂಥ ವಾಸನೆಯಿರಲಿಲ್ಲ. ಬಾಯಿಗಿಟ್ಟರೆ ಮಾತ್ರ ನುಸಿಗುಳಿಗೆಯ ಘಾಟು. ಒಂದೇ ಟ್ರಂಕು, ಒಂದೇ ಗಾಳಿ. ನೀರು ಬೇಡವೆಂದದ್ದನ್ನು ತುಪ್ಪ ಹೊಟ್ಟೆ ತುಂಬ ಕುಡಿದಿತ್ತು. ಕುಡಿದದ್ದನ್ನು ಬಿಟ್ಟುಕೊಡಲಿಕ್ಕೆ ಸಿದ್ಧವಿರಲಿಲ್ಲ.

"ಏನಾತು? ಮಾರಿ ಯಾಕ ಹಂಗಾತು?" ಎಂದ ಬಸಣ್ಣ.

ಮಹಾನಂದಾ ಚಮಚ ಹಿಡಿದು ನಿಂತೇ ಇದ್ದಳು. ಅವಳ ದೊಡ್ಡ ಸೀಸೆ, ಎರಡು ಹನಿ ರಕ್ತ. ಅಷ್ಟು ದೊಡ್ಡ ಖಾಲಿ ಜಾಗ ಸಿಕ್ಕರೆ ಯಾವ ರಕ್ತವಾದರೂ ಒಳಗಿನ ಗಾಳಿಯನ್ನೆಲ್ಲ ಕಕ್ಕುತ್ತದೆ. ಆ ಗುಡ್ಡ ಹೇಳುವುದು ರಕ್ತದಲ್ಲಿ ಗಾಳಿ ಎಷ್ಟಿದೆ ಎಂದು. ಅದರಲ್ಲಿ ಎಷ್ಟನ್ನು ರಕ್ತ ಮಿದುಳಿಗೆ ಬಿಟ್ಟುಕೊಡುತ್ತದೆ ಎಂದು ಅದು ಹೇಳಿಯೇ ಇರಲಿಲ್ಲ. ತುಪ್ಪ ತುಂಬಿದ ರಕ್ತ ಮಂಪರುಗಾಳಿಯನ್ನು ಅವುಚಿಕೊಂಡು ಕೂತಿತ್ತು. ತಾನು ನಲವತ್ತೆಂದು ಬರೆದಿದ್ದಳು. ಕಂಪ್ಯೂಟರು ಸಾಕೆಂದು ಗಾಳಿ ಇಳಿಸಿತ್ತು. ಮಿದುಳು ಬರಿಗೈಯಲ್ಲಿ ಎಚ್ಚರವಾಗಿತ್ತು.

"ಮಾವ," ಎಂದಳು, "ಡಬ್ಬಿ ದೊಡ್ಡದು ಮಾಡಿದಾಕಿ ನಾನು."

"ಹೌದು, ಛಲೋ ಮಾಡಿದಿ."

ಅವಳು ಚಮಚವನ್ನು ತಟ್ಟೆಯಲ್ಲಿಟ್ಟಳು. ಸೈರನ್ನು ಮುಗಿದ ಮೇಲೂ ಗೋಡೆಗಳು ಕಾದೇ ಇದ್ದವು. ಊರಿನಲ್ಲಿ ಎಲ್ಲಿ ನಿಂತರೂ ಒಂದು ಒಲೆಯ ಒಳಗೆ ನಿಂತ ಹಾಗೆ.

*

ಮರುದಿನ ಬೆಳಗಿನ ಸೈರನ್ನಿಗೇ ಅವಳು ಖಾಜಾಬಿಯನ್ನು ಮೆಟ್ಟಿಲಲ್ಲಿ ಹಿಡಿದಳು.

"ಚಾಚಿ, ಇವತ್ತ ಎರಡು ಹನಿ ಸಾಲೋದಿಲ್ಲ. ಈ ಸಣ್ಣ ಸೀಸಿ ಕುತ್ತಿಗಿ ಮಟ ತುಂಬಬೇಕು. ಅಕ್ಕಂದೊಂದು. ಡಬ್ಬಿ ಇಲ್ಲದವರದು ಯಾರದಾರ ಒಂದು."

"ಅಯ್ಯ, ರಕ್ತ ಏನು ನಳದಾಗ ಬರ್ತದೇನು? ಡಾಕ್ಟರಿಗೆ ಗೊತ್ತಾದ್ರ ನನ್ನ ಮನಿಗೆ ಕಳಸ್ತಾರ. ಮನ್ಯಾಗ ಸೊಸಿ ಅದಾಳ!"

"ನೀವು ಸೊಸಿನ್ನ ಬೈದದ್ದೆಲ್ಲಾ ನಮ್ಮಕ್ಕ ಹೋದ ವರ್ಷ ಕೇಳಿಸಿಕೊಂಡಾಳ. ಕಾಲ್ಗಡಗದ ಸುದ್ದಿ ಆಕಿಗೆ ಹೆಂಗ ಗೊತ್ತಾತು ಅಂದ್ಕೊಂಡ್ರಿ?"

ಖಾಜಾಬಿ ಕೆಳಗಿನ ಸಾಲುಗಳ ಕಡೆ ತಿರುಗಿ ನೋಡಿದಳು. ಹತ್ತು ವರ್ಷ ಆ ಸಾಲುಗಳ ನಡುವೆ ಓಡಾಡುತ್ತ ತಾನು ಆಡಿದ ಮಾತುಗಳೆಲ್ಲ ಒಮ್ಮೆಲೇ ತಿರುಗಿ ಬಂದು ಎದುರು ನಿಂತ ಹಾಗೆ ಮುಖ ಬಿಳುಪಾಯಿತು. "ಯಾ ಅಲ್ಲಾ," ಎಂದಳು ಮೆಲ್ಲಗೆ. "ಕಣ್ಣೀರು ಒರಸ್ತಾ ಒರಸ್ತಾ ನಾ ಅವರಿಗೆ ನನ್ನ ಮನಿ ಕಷ್ಟ ಹೇಳ್ತಿದ್ನಲ್ಲ." ಆಮೇಲೆ ಏನೂ ಕೇಳದೆ ಸೀಸೆ ತೆಗೆದುಕೊಂಡು ಕೆಳಗಿಳಿದಳು.

ಸೀಸೆಗಳು ಬಂದವು. ಬುರುಗಿಲ್ಲದೆ, ಮೇಲೆ ಬೆರಳಗಲ ಜಾಗ ಮಾತ್ರ ಬಿಟ್ಟು, ಬಿರಡೆ ಬಿಗಿದು, ಐಸಿನ ನಡುವೆ ಇಟ್ಟು ತಂದಿದ್ದಳು. ಮಹಾನಂದಾ ಅವನ್ನು ಮತ್ತೆ ಮೈಬಿಸಿಗೆ ತಂದಳು. ಈಗ ರಕ್ತ ಹೆಚ್ಚು, ಜಾಗ ಕಡಿಮೆ. ಆ ಬೆರಳಗಲದ ಜಾಗಕ್ಕೆ ರಕ್ತ ತಾನಾಗಿ ಬಿಟ್ಟುಕೊಟ್ಟ ಗಾಳಿ ಮಾತ್ರ ಏರುತ್ತದೆ. ಮಿದುಳಿಗೆ ಸಿಗುವುದೂ ಅದೇ ಲೆಕ್ಕದಲ್ಲಿ. ಮೊದಲು ಡಬ್ಬಿಯಿಲ್ಲದವನ ಸೀಸೆ: ನಾಲ್ಕು ನಿಮಿಷ, ಒಂದು ಗುಡ್ಡ. ಅವನ ದಿನದ ಅಂಕಿ ನಲವತ್ತು. ಆ ಗುಡ್ಡವನ್ನೇ ನಲವತ್ತೆಂದು ಗುರುತು ಹಾಕಿಕೊಂಡಳು. ಆಮೇಲೆ ಅಕ್ಕನ ಸೀಸೆಗೆ ಸೂಜಿ ಚುಚ್ಚಿದಳು.

ನಾಲ್ಕು ನಿಮಿಷ ಅಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಪರದೆಯ ಮೇಲಿನ ಗೆರೆ ನೆಲದ ಮೇಲೆ ತೆವಳುತ್ತ ಬಂತು. ಎದ್ದಿತು. ಅರ್ಧಕ್ಕೇ ನಿಂತು ಇಳಿಯಿತು. ಇಪ್ಪತ್ತೆರಡು.

ಸೀಸೆ ಬಿಟ್ಟು ಅವಳು ಕೆಳಗೆ ಓಡಿದಳು.

ಡಾಕ್ಟರ್ ಮುನವಳ್ಳಿ ಎರಡು ಗುಡ್ಡಗಳ ಕಾಗದವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಅವಳು ತುಪ್ಪದ್ದು, ಟ್ರಂಕಿನದು ಎಲ್ಲ ಹೇಳಿದಳು.

"ತುಪ್ಪ ನಿಲ್ಲಿಸೋಣ," ಎಂದರು ಅವರು. "ಎಲ್ಲಾರದೂ. ಇವತ್ತಿಂದ."

"ನಿಲ್ಲಿಸಿದ್ರ ರಕ್ತ ತಿಳಿಯಾಗಾಕ ಎಷ್ಟು ದಿನ ಸರ್?"

"ನಾಕು. ಐದು. ಹತ್ತು ದಿನ ತುಂಬೀರಿ."

"ಐದು ದಿನ ಆಕಿ ಹಂಗ ಬಿದ್ದಿರಬೇಕೇನು? ಈಗ, ನಾವು ಮಾತಾಡೋವಾಗ, ಆಕಿ ಕೆಳಗ ಎಲ್ಲಾ ಕೇಳಿಸಿಕೋತ ಮಲಗ್ಯಾಳ."

"ಇನ್ನೊಂದು ದಾರಿ ಏನದ ನಿಮಗ ಗೊತ್ತದ." ಅವರು ಕಾಗದವನ್ನು ಮೇಜಿನ ಮೇಲಿಟ್ಟರು. "ನಿಮ್ಮ ಲೆಕ್ಕ ಖರೇ ಇದ್ರ, ನಿದ್ದಿ ಹತ್ತಾಕ ಮಿದುಳಿಗೆ ಕಡಿಮಿ ಅಂದ್ರೂ ಮೂವತ್ತನಾಕು ಮುಟ್ಟಬೇಕಂದ್ರ ರಕ್ತದಾಗ ಅರವತ್ತೆರಡು ಆಗಬೇಕು. ಐವತ್ತೈದಕ್ಕ ಎದಿ ಸೋಲ್ತದ ಅಂತ ಪುಸ್ತಕದಾಗದ. ನೀವು ತಪ್ಪಿದ್ರ..." ಗೋಡೆಯ ಮೇಲಿನ ಹಸಿರು ದೀಪಗಳನ್ನು ನೋಡಿದರು. "ಆ ಹುಡುಗ ಅರವತ್ತಕ್ಕ ಹೋದ ನೋಡ್ರಿ. ಅವನ ಹಾಸಿಗಿಗೆ ಡಬ್ಬಿ ಇತ್ತೋ ಇಲ್ಲೋ ನನಗ ನೆನಪಿಲ್ಲ. ಡಬ್ಬಿ ಇದ್ದೂ ಹೋಗಿದ್ರ ನಿಮ್ಮ ಲೆಕ್ಕ ತಪ್ಪು. ಎಷ್ಟು ಸಲ ಕಣ್ಣು ಮುಚ್ಚಿ ನೋಡೀನಿ. ಡಬ್ಬಿ ಮಾತ್ರ ಕಾಣೋದಿಲ್ಲ."

"ನಾ ಹಾಸಿಗಿ ಹತ್ರನ ನಿಂದರತೀನಿ ಸರ್. ಕಾಲು ತಾಸಿಗೊಮ್ಮೆ ಸಣ್ಣ ಸೀಸಿ ತುಂಬಿ ನೋಡ್ತೀನಿ. ಬಿಟ್ಟುಕೊಡೋ ಅಂಕಿ ನಲವತ್ತು ದಾಟಲಿಲ್ಲಂದ್ರ ಎದಿ ಸೋಲೋದಿಲ್ಲ."

"ನಿಮ್ಮ ಅಕ್ಕ ಆಕಿ."

"ಅದಕ್ಕ ನಾನ ಕೇಳಾಕತ್ತೀನಿ."

ಮುನವಳ್ಳಿ ಜೇಬಿನಿಂದ ಒಂದು ಕೀಲಿ ತೆಗೆದರು. ಮೂರು ವರ್ಷ ಅದನ್ನು ಮುಟ್ಟಿದವರ ಹಾಗಿರಲಿಲ್ಲ. ಇನ್ನೂರ ಹದಿನೇಳನ್ನು ಕಂಪ್ಯೂಟರಿನಿಂದ ಬಿಡಿಸಿದರು. ಗೋಡೆಯ ಮೇಲೆ ಒಂದು ಹಸಿರು ದೀಪ ಆರಿ ಕಪ್ಪಾಯಿತು.

*

ಎರಡನೆಯ ಯಂತ್ರವೊಂದು ಚಿಕ್ಕದು, ಗಾಲಿಯ ಮೇಜಿನ ಮೇಲಿನದು, ಮೇಲಿನ ಕೋಣೆಯಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಖಾಜಾಬಿಯೂ ಅವಳೂ ಸೇರಿ ಕೆಳಗಿಳಿಸಿದರು. ಸಾಲಿನ ನಡುವೆ, ಅಕ್ಕನ ತಲೆಯ ಬದಿಗೆ ನಿಲ್ಲಿಸಿದರು.

ಅಕ್ಕ ಮಲಗಿದ್ದಳು. ಕಣ್ಣಿನ ಪಟ್ಟಿ ಒದ್ದೆಯಾಗಿತ್ತು. ಉಸಿರು ಯಂತ್ರದ್ದು, ಏರಿದಾಗ ಏರಿ, ಇಳಿದಾಗ ಇಳಿದು, ಮನುಷ್ಯರ ಉಸಿರಿನ ಚೌಕಾಸಿಯೇ ಇಲ್ಲದೆ ನಡೆಯುತ್ತಿತ್ತು. ಮಾನಿಟರಿನಲ್ಲಿ ಎದೆಬಡಿತ ನೂರ ಹದಿನೆಂಟು.

ಮುನವಳ್ಳಿ ಕೈತಿರುಪನ್ನು ಒಂದು ಗೆರೆ ತಿರುಗಿಸಿದರು.

ಮಹಾನಂದಾ ಬಗ್ಗಿ ಅಕ್ಕನ ಕಿವಿಗೆ ಬಾಯಿ ತಂದಳು. ಏನು ಹೇಳುವುದು? ಹತ್ತು ದಿನದಿಂದ ಒಳಗೆ ಕೂತವಳಿಗೆ, ಬಾಗಿಲು ಮುಚ್ಚಿ ಹೋಗುವ ಮುಂಚೆ ಹೇಳಬೇಕಾದ ಮೊದಲ ಮಾತು ಯಾವುದು?

"ಅಕ್ಕ, ನಾ ನಂದಾ. ನೀ ಎಚ್ಚರಿದ್ದೀ ಅಂತ ಗೊತ್ತಾತು. ಹೆದರಬ್ಯಾಡ, ಮಲಗಿಸಾಕ ಬಂದೀನಿ."

ಎದೆಬಡಿತ ನೂರ ಮೂವತ್ತೊಂದಕ್ಕೆ ಹಾರಿತು. ಖಾಜಾಬಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುನವಳ್ಳಿ ಮಾನಿಟರನ್ನೇ ನೋಡುತ್ತ ನಿಂತರು. ಆ ಬಡಿತವನ್ನು ಅವರು ಕೊನೆಗೂ ಕೇಳಿಸಿಕೊಳ್ಳುತ್ತಿದ್ದರು. ಅದನ್ನು ಕೇಳದೆ ಕಳೆದ ವರ್ಷಗಳೆಲ್ಲ ಅವರ ಮುಖದ ಮೇಲೆ ಬಂದು ಕೂತವು.

ಮೊದಲ ಸೀಸೆ: ಇಪ್ಪತ್ತನಾಲ್ಕು.

"ಇನ್ನೊಂದು ಮಾತದ ಅಕ್ಕ," ಎಂದಳು ಮಹಾನಂದಾ. ಈಗ ಹೇಳದಿದ್ದರೆ ಮೂವತ್ತು ದಿನ ಹೇಳುವ ಹಾಗಿಲ್ಲ. ನಿದ್ದೆ ಹತ್ತಿದವಳಿಗೆ ಹೇಳಿದರೆ ಅದು ಹೇಳಿದಂತಲ್ಲ. "ನಿನ್ನ ಎಚ್ಚರಿಟ್ಟಿದ್ದು ತುಪ್ಪ. ಡಬ್ಬಿ ದೊಡ್ಡದು ಮಾಡಿದಾಕಿ ನಾನ. ಸೊರಗಿದ್ದಿ ಅಂತ ಮಾಡ್ದೆ. ಹೋದ ವರ್ಷನೂ ತುಪ್ಪನ. ತುಪ್ಪ ಇರದಿದ್ರ ನೀ ಮೊದಲನೇ ದಿನನ ಮಲಗತಿದ್ದಿ. ಎದ್ದ ಮ್ಯಾಲ ಬೈಯಿ. ಖಾನಾವಳ್ಯಾಗ ಎಲ್ಲಾರ ಮುಂದ ಬೈಯಿ."

ಕಣ್ಣಿನ ಪಟ್ಟಿಯ ಅಂಚಿನಿಂದ ಒಂದು ಹನಿ ಕಿವಿಯ ಕಡೆ ಇಳಿಯಿತು. ಬೈಗುಳವೋ, ಕ್ಷಮೆಯೋ, ಬರೀ ನೀರೋ. ಕೇಳಲಿಕ್ಕೆ ದಾರಿಯಿರಲಿಲ್ಲ. ಖಾಜಾಬಿ ಒರೆಸಲು ಕೈ ಎತ್ತಿದಳು, ಏನೋ ನೆನಪಾಗಿ, "ಒರಸ್ಲೇನವಾ?" ಎಂದು ಮಲಗಿದವಳನ್ನೇ ಕೇಳಿದಳು. ಆಮೇಲೆ ಒರೆಸಿದಳು. ಒರೆಸುತ್ತ, ಮಹಾನಂದಾ ಹೇಳದೆಯೇ, ಅಕ್ಕನ ಮೂಗಿನ ತುದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದಳು.

ಮುನವಳ್ಳಿ ಮತ್ತೊಂದು ಗೆರೆ ತಿರುಗಿಸಿದರು. ಇಪ್ಪತ್ತೇಳು. ರಕ್ತದಲ್ಲಿ ನಲವತ್ತೊಂಬತ್ತು.

ಮಹಾನಂದಾ ಮಾತು ಮುಂದುವರಿಸಿದಳು. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಸೀಸೆ, ಬಾಯಿ ಅಕ್ಕನ ಕಿವಿಯ ಹತ್ತಿರ. ಮಾವ ಬಡಿದ ರೊಟ್ಟಿಯಿಂದ ಗೋಡೆ ಕಟ್ಟಬಹುದೆಂದು ಹೇಳಿದಳು. ಸೀರೆಯ ಟ್ರಂಕಿಗೆ ಕೀಲಿ ಹಾಕಿ ತುಪ್ಪ ಕಾಯ್ದದ್ದನ್ನು ಹೇಳಿದಳು. "ಆತನ ಮ್ಯಾಲ ಸಿಟ್ಟು ಮಾಡಬ್ಯಾಡ, ನಿನ್ನ ಜರಿಯಂಚಿನ ಸೀರಿ ಮ್ಯಾಲ ಒಂದು ತುಪ್ಪದ ಕಲೆ ಬಿದ್ದದ, ಅದನ್ನ ಎದ್ದ ಮ್ಯಾಲ ನೋಡುವಂತಿ." ಎದೆಬಡಿತ ನೂರ ಇಪ್ಪತ್ತು. ನೂರ ಹನ್ನೆರಡು.

"ಐವತ್ತಾರು," ಎಂದರು ಮುನವಳ್ಳಿ, ದೊಡ್ಡ ಸೀಸೆಯ ಅಂಕಿ ಓದಿ. "ಪುಸ್ತಕ ದಾಟಿದೀವಿ. ನಿಲ್ಲಸ್ಲೇನು?"

"ಸಣ್ಣ ಸೀಸಿದು ಬರ್ಲಿ ಸರ್."

ನಾಲ್ಕು ನಿಮಿಷ. ಅಷ್ಟು ಹೊತ್ತೂ ಮುನವಳ್ಳಿಯ ಬೆರಳು ತಿರುಪಿನ ಮೇಲಿಂದ ಏಳಲಿಲ್ಲ. ಅಕ್ಕನ ರಕ್ತದೊತ್ತಡ ಸ್ವಲ್ಪ ಇಳಿಯಿತು, ನಿಂತಿತು, ಅಲ್ಲೇ ಉಳಿಯಿತು. ಗೆರೆ ಎದ್ದಿತು. ಮೂವತ್ತು, ಮೂವತ್ತೊಂದರ ನಡುವೆ.

"ಇನ್ನೊಂದು ಗೆರಿ," ಎಂದಳು ಮಹಾನಂದಾ.

ಅವರು ತಿರುಗಿಸಿದರು. ಕಣ್ಣು ಮುಚ್ಚಿ ತಿರುಗಿಸಿದರು.

ಅವಳು ಮಾತಾಡುತ್ತಲೇ ಇದ್ದಳು. ಹೊರಗೆ ಸೂರ್ಯ ಜಿನ್ನಿನ ತಗಡಿನ ಮೇಲೆ ಕೂತು ಒಳಗೆ ಬರಲಿಕ್ಕೆ ಸಂದಿ ಹುಡುಕುತ್ತಿದ್ದ. ಒಳಗೆ ಆರುನೂರ ನಲವತ್ತು ಉಸಿರು ಒಂದೇ ತಾಳಕ್ಕೆ ಏರಿಳಿಯುತ್ತಿತ್ತು. ಅದರಲ್ಲಿ ಎಷ್ಟು ಜನ ಅವಳ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾರೋ! ಆ ಯೋಚನೆ ಬಂದದ್ದೇ ಅವಳು ದನಿಯನ್ನು ಒಂದಿಷ್ಟು ಏರಿಸಿದಳು, ಪಕ್ಕದ ಹಾಸಿಗೆಗೂ ಕೇಳುವಷ್ಟು. "ತಡೀರಿ, ನಿಮ್ಮ ಪಾಳಿನೂ ಬರ್ತದ. ಡಬ್ಬಿ ಇದ್ದವರದೆಲ್ಲಾ ಒಬ್ಬೊಬ್ಬರದು ನೋಡ್ತೀವಿ. ಡಾಕ್ಟರು ಇಲ್ಲೇ ಅದಾರ." ಮುನವಳ್ಳಿ ತಲೆಯಾಡಿಸಿದರು. ಆಮೇಲೆ, ಕಣ್ಣಿಗೆ ಪಟ್ಟಿ ಕಟ್ಟಿದವರಿಗೆ ಅದು ಕಾಣುವುದಿಲ್ಲವೆಂದು ಹೊಳೆದು, "ಹೌದು, ಇಲ್ಲೇ ಅದೀನಿ" ಎಂದು ಗಟ್ಟಿಯಾಗಿ ಹೇಳಿದರು.

ಎದೆಬಡಿತ ತೊಂಬತ್ತಾರು. ಎಂಬತ್ತೆಂಟು. ಎಪ್ಪತ್ತೊಂಬತ್ತು.

"ಅಕ್ಕ, ಮಾವ ನಾಳೆ ಹೆಸರಕಾಳಿನ ಪಲ್ಯಾ ಮಾಡ್ತೀನಿ ಅಂದಾನ, ಕಾಳು ನೆನಿಯಾಕ ಹಾಕಿ ಎರಡು ದಿನಾ ಆಗ್ಯಾವ, ಮೊಳಕಿ ಒಡದು ಗಿಡ..."

ಖಾಜಾಬಿ ಹೊಸ ಪಟ್ಟಿ ಅಂಟಿಸಲು ಬಗ್ಗಿದಳು. ಬೆರಳಿನಿಂದ ಅಕ್ಕನ ಕಣ್ಣಂಚನ್ನು ಮುಟ್ಟಿ ನೋಡಿದಳು, ಮತ್ತೊಮ್ಮೆ ಮುಟ್ಟಿದಳು. ಬೆರಳು ಒಣಗೇ ಇತ್ತು. ಪರದೆಯ ಮೇಲೆ ಗೆರೆ ಎದ್ದು, ಗುಡ್ಡವಾಗಿ, ಇಳಿಯಿತು. ಮೂವತ್ತನಾಲ್ಕು.

ಮಹಾನಂದಾ ಸೂಜಿಯನ್ನು ಮೇಜಿನ ಮೇಲಿಟ್ಟಳು.

"ಯಾಕ ನಿಲ್ಲಿಸಿದಿ?" ಎಂದಳು ಖಾಜಾಬಿ. "ಕಾಳಿಂದು ಮುಂದ ಏನಾತು?"

"ಕೇಳಾವರು ಹೋದ್ರು ಚಾಚಿ," ಎಂದಳು ಮಹಾನಂದಾ. "ಮಲಗ್ಯಾಳ."